ಸಾಕ್ಷಿ ಹೇಳಿ ಹನ್ನೊಂದನೇ ದಿನಕ್ಕೆ

ಕುಡಿತ ಬಿಡೋಕೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಒಬ್ಬರ ಕಥೆ ಇದು. ಊರು, ವಯಸ್ಸು, ಮನೆ ವಿವರ ಎಲ್ಲಾ ಬದಲಾಯಿಸಿದೀನಿ, ಬರೆದದ್ದನ್ನ ಅವರಿಗೇ ಓದಿ ಹೇಳಿ "ಹಾಕಿ ಮೇಡಂ, ಪರವಾಗಿಲ್ಲ" ಅನ್ನಿಸ್ಕೊಂಡೇ ಹಾಕ್ತಿರೋದು. ಹೆಸರು ಬೇಡ, ಮೇಸ್ತ್ರಿ ಅಂತಲೇ ಕರೀತೀನಿ, ಗಾರೆ ಮೇಸ್ತ್ರಿಗಳು ನಮ್ಮ ಮೈಸೂರು ಕಡೆ ಬೀದಿಗಿಬ್ಬರು ಸಿಗ್ತಾರೆ, ಗುರುತು ಹತ್ತಲ್ಲ.

ಮೊದಲ ದಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಲ್ಲೇ ನಿಂತ್ಬಿಟ್ರು, ಹೆಂಡತಿ ಹಿಂದಿನಿಂದ ಸ್ವಲ್ಪ ನೂಕಿದ ಹಾಗೆ ಮಾಡಿ ಒಳಗೆ ಕರ್ಕೊಂಡು ಬಂದ್ರು. ಎರಡೂ ಕೈ ತೊಡೆ ಕೆಳಗೆ ಸೇರಿಸ್ಕೊಂಡು ಕೂತ್ರು, ನಡುಕ ಕಾಣಬಾರದು ಅಂತ ಬಹಳ ಜನ ಹಾಗೇ ಕೂರೋದು. ಮೊದಲ ಮಾತೇ "ಮೇಡಂ, ನಾನು ಹಿಂಜಾರಿದವನು". ನಾನು ಕ್ರೈಸ್ತಳಲ್ಲ, ಆ ಪದ ಕೇಳೇ ಇರಲಿಲ್ಲ, ಸಾರ್ವೆ ಮೇಲಿಂದ ಜಾರಿ ಬಿದ್ದಿದಾರೇನೋ ಅಂದ್ಕೊಂಡು "ಪೆಟ್ಟು ಎಲ್ಲಿ ಆಯ್ತು?" ಅಂತ ಕೇಳ್ಬಿಟ್ಟೆ. ಅವರ ಹೆಂಡತಿಗೆ ಅಷ್ಟು ಕಷ್ಟದಲ್ಲೂ ನಗು ಬಂತು. ನಂಬಿಕೆಗೆ ಬಂದು ಮತ್ತೆ ಹಳೇ ದಾರಿ ಹಿಡಿದವರನ್ನ ಸಭೇಲಿ, ಅಂದ್ರೆ ಅವರ ಚರ್ಚಲ್ಲಿ, ಹಾಗೆ ಕರೀತಾರಂತೆ.

ಮೇಸ್ತ್ರಿಗೆ 46. ಕುಡಿಯೋಕೆ ಶುರು ಮಾಡಿದ್ದು 22ರಲ್ಲಿ, ಆಗ ಸಾರಾಯಿ ಪ್ಯಾಕೆಟ್ಟು, 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ವಿಸ್ಕಿ. ಅಂದ್ರೆ ಕುಡಿತ ನಿಲ್ಲಲಿಲ್ಲ, ಖರ್ಚು ಜಾಸ್ತಿ ಆಯ್ತು ಅಷ್ಟೇ. ನಮ್ಮ ಹತ್ರ ಹತ್ತು ಪ್ರಶ್ನೆಗಳ ಆಡಿಟ್ ಅಂತ ಒಂದು ಫಾರ್ಮ್ ಇರುತ್ತೆ, 40ಕ್ಕೆ 20 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ದೇಹಾನೇ ಕುಡಿತಕ್ಕೆ ಒಗ್ಗಿ ಹೋಗಿರಬಹುದು ಅಂತ ಅರ್ಥ, ಇವರದ್ದು 29. ಬೆಳಿಗ್ಗೆ ಒಂದು ನೈಂಟಿ ಹಾಕದಿದ್ರೆ ಕರಣೆ ಹಿಡಿಯೋಕೆ ಆಗ್ತಿರಲಿಲ್ಲ.

ನಮ್ಮ ಹತ್ರ ಬರೋಕೆ ಆರು ತಿಂಗಳ ಹಿಂದೆ ಅವರ ಸಭೇಲಿ ಮೂರು ದಿನದ ಉಪವಾಸ ಪ್ರಾರ್ಥನೆ ನಡೆದಿದೆ. ಶುಕ್ರವಾರ ಬೆಳಿಗ್ಗೆಯಿಂದ ಒಂದು ಹನಿ ಮುಟ್ಟಲ್ಲ ಅಂತ ತೀರ್ಮಾನ ಮಾಡಿ ಹೋಗಿ ಕೂತಿದಾರೆ, ಊಟಾನೂ ಇಲ್ಲ. ಶನಿವಾರ ರಾತ್ರಿ ಫಿಟ್ಸ್ ಬಂತು. ಜನ ಅದನ್ನ ದುರಾತ್ಮ ಬಿಟ್ಟು ಹೋಗ್ತಿದೆ ಅಂತ ತಿಳ್ಕೊಂಡು ಕೈ ಕಾಲು ಅದುಮಿ ಹಿಡಿದು ಜೋರಾಗಿ ಪ್ರಾರ್ಥನೆ ಮಾಡಿದಾರೆ. ಭಾನುವಾರ ಗೋಡೆ ತುಂಬಾ ಇರುವೆ ಹರಿದಾಡ್ತಿದೆ ಅಂತ ಕೈಯಲ್ಲಿ ಒರೆಸ್ತಾ ಕೂತಿದ್ರಂತೆ. ಅವರ ಭಾಮೈದ ಒಬ್ಬ ಜಗಳ ಆಡಿ ಆಟೋಗೆ ಹಾಕ್ಕೊಂಡು ಆಸ್ಪತ್ರೆಗೆ ಹೋಗಿದ್ದಕ್ಕೆ ಇವತ್ತು ಈ ಕಥೆ ಬರೀತಿದೀನಿ.

ಇದನ್ನ ಒತ್ತಿ ಹೇಳಲೇಬೇಕು. ವರ್ಷಗಟ್ಟಲೆ ದಿನಾ ಕುಡಿದವರು ಒಂದೇ ಏಟಿಗೆ ನಿಲ್ಲಿಸಿದ್ರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣೋದು, ಜ್ವರ, ಎಲ್ಲಿದೀನಿ ಅನ್ನೋದೇ ಗೊತ್ತಾಗದ ಹಾಗೆ ಆಗೋದು, ಚಿಕಿತ್ಸೆ ಇಲ್ಲದೆ ಬಿಟ್ರೆ ಜೀವಾನೇ ಹೋಗಬಹುದು. ಮದ್ಯ ಮೆದುಳನ್ನ ದಿನಾ ಅದುಮ್ತಾ ಇರುತ್ತೆ, ಮೆದುಳು ಅದಕ್ಕೆ ಎದುರಾಗಿ ಜೋರಾಗಿ ಓಡೋದು ಕಲಿತಿರುತ್ತೆ, ಅದುಮೋದು ದಿಢೀರ್ ನಿಂತಾಗ ಓಟ ಮಾತ್ರ ಉಳಿಯುತ್ತೆ. ದೆವ್ವದ ಮಾತೇ ಇಲ್ಲ ಇದರಲ್ಲಿ. ಪ್ರಾರ್ಥನೆ ಮಾಡಿ ಬಿಡ್ತೀನಿ ಅನ್ನೋರಿಗೆ ನಾನು ಬೇಡ ಅನ್ನಲ್ಲ, ಡಾಕ್ಟರ್ ಇರೋ ಕಡೆ ಮಲಗಿ ಪ್ರಾರ್ಥನೆ ಮಾಡಿ ಅಂತೀನಿ.

ಸರಿ, ಆಸ್ಪತ್ರೆಯಿಂದ ಬಂದ ಮೂರನೇ ವಾರಕ್ಕೆ ಆರಾಧನೆ ಮಧ್ಯೆ ಎಬ್ಬಿಸಿ ನಿಲ್ಲಿಸಿ ಸಾಕ್ಷಿ ಹೇಳಿ ಅಂದಿದಾರೆ, ಅಂದ್ರೆ ದೇವರು ತನಗೆ ಮಾಡಿದ್ದನ್ನ ಎಲ್ಲರ ಮುಂದೆ ಹೇಳೋದು. ಮೇಸ್ತ್ರಿ ಮೈಕ್ ಹಿಡ್ಕೊಂಡು "ಕರ್ತನು ನನಗೆ ಪೂರ್ಣ ಬಿಡುಗಡೆ ಕೊಟ್ಟಿದಾನೆ, ನಾನು ಕುಡುಕನಾಗಿದ್ದೆ" ಅಂತ ಹೇಳಿದ್ರು, ಇಡೀ ಸಭೆ ಚಪ್ಪಾಳೆ, ಅತ್ತವರೂ ಇದ್ರು, ಯಾರೋ ಹುಡುಗ ವಿಡಿಯೋ ಬೇರೆ ಮಾಡಿ ಗ್ರೂಪ್‌ಗೆ ಹಾಕಿದ್ದ. ಆಸ್ಪತ್ರೆ ವಿಷಯ ಆ ಸಾಕ್ಷೀಲಿ ಬರಲೇ ಇಲ್ಲ. ಹೇಳಬೇಡಿ ಅಂತ ಯಾರೂ ಅಂದಿರಲಿಲ್ಲವಂತೆ, ಹೇಳಿದ್ರೆ ದೇವರ ಮಹಿಮೆ ಕಡಿಮೆ ಆಗುತ್ತೇನೋ ಅಂತ ಇವರೇ ಬಿಟ್ರಂತೆ.

ಸಾಕ್ಷಿ ಹೇಳಿದ ಹನ್ನೊಂದನೇ ದಿನ ಒಂದು ಮನೆಗೆ ಮೋಲ್ಡ್, ಅಂದ್ರೆ ತಾರಸಿ ಕಾಂಕ್ರೀಟ್ ಹಾಕಿದ್ರು. ಮೋಲ್ಡ್ ದಿನ ಓನರ್ ಕೆಲಸದವರಿಗೆಲ್ಲಾ ಬಿರಿಯಾನಿ, ಎಣ್ಣೆ ಕೊಡಿಸೋದು ನಮ್ಮಲ್ಲಿ ವಾಡಿಕೆ, ಗೊತ್ತಲ್ಲ. ಎಲ್ಲರಿಗೂ ಪ್ಲಾಸ್ಟಿಕ್ ಲೋಟಕ್ಕೆ ಹಾಕಿ ಕೊಡ್ತಿದ್ದದ್ದು ಮೇಸ್ತ್ರಿ ಕೈಯೇ, ಕೊನೇ ಲೋಟ ಮಿಕ್ತು.

ಕುಡಿದದ್ದಕ್ಕಿಂತ ಆಮೇಲಿನ ನಾಲ್ಕು ತಿಂಗಳು ಅವರನ್ನ ಹಾಳು ಮಾಡಿದ್ದು. ಪಾಸ್ಟರ್‌ಗೆ ಹೇಳಲಿಲ್ಲ, ಹೆಂಡತಿಗೆ ಹೇಳಲಿಲ್ಲ, ಬಾಯಿಗೆ ಏಲಕ್ಕಿ ಹಾಕ್ಕೊಂಡು ಹೋಗಿ ಕೊನೇ ಬೆಂಚಲ್ಲಿ ಕೂತು ಬರ್ತಿದ್ರು, ಆಮೇಲೆ ಅದೂ ನಿಂತು ಹೋಯ್ತು. "ಬಿಡುಗಡೆ ಆಯ್ತು ಅಂತ ಮೈಕಲ್ಲಿ ಹೇಳಿದೀನಲ್ಲ ಮೇಡಂ, ಈಗ ಯಾವ ಬಾಯಲ್ಲಿ ಹೇಳ್ಲಿ, ನಾನು ಸುಳ್ಳ ಅಂತ ಆದ್ರೆ ಆಗ್ಲಿ, ದೇವರೇ ಸುಳ್ಳು ಅಂತ ಆಗುತ್ತಲ್ಲ". ಈ ಮಾತು ಕೇಳಿ ನನಗೂ ಸ್ವಲ್ಪ ಹೊತ್ತು ಏನು ಹೇಳ್ಬೇಕು ಅಂತ ತೋಚಲಿಲ್ಲ. ಮರುಕುಡಿತ ಈ ಕಾಯಿಲೇಲಿ ತೀರಾ ಮಾಮೂಲು, ಅದನ್ನ ತಡ್ಕೋಬಹುದು. ಆದ್ರೆ ಕುಡಿದೆ ಅಂತ ಹೇಳ್ಕೊಳ್ಳೋಕೆ ಜಾಗವೇ ಇಲ್ಲದ ಹಾಗೆ ಆದವರು ಒಬ್ಬರೇ ಕೂತು ಕುಡೀತಾರೆ, ಅದು ಬೇಗ ಕೆಡಿಸುತ್ತೆ.

ನಾನು ಮೊದಲ ದಿನ ದೇವರ ವಿಷಯ ಮಾತೇ ಆಡಲಿಲ್ಲ. "ಮೇಸ್ತ್ರಿ, ಸೆಂಟ್ರಿಂಗ್ ಯಾವಾಗ ಬಿಚ್ತೀರ?" ಅಂತ ಕೇಳಿದೆ, ಮೋಲ್ಡ್ ಗಟ್ಟಿಯಾಗೋವರೆಗೂ ಕೆಳಗೆ ಕೊಡೋ ಹಲಗೆ, ಕಂಬ ಅದು. "14 ದಿನಕ್ಕೆ ಬಿಚ್ಚೋರಿದಾರೆ, ನಾನು 21 ದಿನ ನೀರು ಕಟ್ಟದೆ ಮುಟ್ಟಲ್ಲ" ಅಂದ್ರು, ಕೆಲಸದ ಮಾತು ಬಂದ ತಕ್ಷಣ ಕೈ ತೊಡೆ ಕೆಳಗಿಂದ ಆಚೆ ಬಂತು. ಹಾಗಾದ್ರೆ ನಿಮ್ಮ ಮೋಲ್ಡ್ ಇನ್ನೂ ಹಸಿ ಇರೋವಾಗ್ಲೇ ಎಲ್ಲರೂ ಸೇರಿ ಕಂಬ ಎಳೆದ್ರಲ್ಲ ಅಂದೆ. ಸುಮ್ಮನೆ ನನ್ನನ್ನೇ ನೋಡಿದ್ರು, ಆಮೇಲೆ ಹೆಂಡತಿ ಕಡೆ ನೋಡಿದ್ರು.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರೋ ಮನೋವೈದ್ಯರಿಗೆ ತೋರಿಸಿ ಜಿಲ್ಲಾ ಆಸ್ಪತ್ರೇಲಿ ಹತ್ತು ದಿನ ಅಡ್ಮಿಟ್ ಆದ್ರು. ಅಲ್ಲಿ ನಡುಕಕ್ಕೆ ಮಾತ್ರೆ, ದಿನಾ ಡೋಸ್ ಇಳಿಸ್ತಾ ಬರೋದು, ಜೊತೆಗೆ ವಿಟಮಿನ್ ಬಿ1 ಇಂಜೆಕ್ಷನ್. ಆ ಮಾತ್ರೇನ ಮೆಡಿಕಲ್ ಶಾಪಲ್ಲಿ ನೀವೇ ತಂದು ನುಂಗಬೇಡಿ, ಅದೂ ಚಟ ಆಗುತ್ತೆ. ಡಿಸ್ಚಾರ್ಜ್ ಆದಾಗ ಡೈಸಲ್ಫಿರಾಮ್ 250 ಬರೆದ್ರು. ಇದನ್ನ ತಗೊಂಡು ಕುಡಿದ್ರೆ ಮದ್ಯ ದೇಹದಲ್ಲಿ ಅರ್ಧಕ್ಕೇ ನಿಂತು ವಿಷ ಆಗುತ್ತೆ, ಮುಖ ಕೆಂಪಾಗಿ ಎದೆ ಡವಡವ ಹೊಡ್ಕೊಂಡು ವಾಂತಿ ಶುರು ಆಗುತ್ತೆ, ಮಾತ್ರೆ ಬಿಟ್ಟು ಎರಡು ವಾರದವರೆಗೂ ಆ ಪರಿಣಾಮ ಇರಬಹುದು. ಅದಕ್ಕೇ ತಗೊಳ್ಳೋರಿಗೆ ಪೂರ್ತಿ ಗೊತ್ತಿದ್ದು ಒಪ್ಪಿ ತಗೋಬೇಕು. ಇಲ್ಲಿ ಹೆಂಡತಿ ತಲೆ ತಗ್ಗಿಸಿದ್ರು. ಹಿಂದೆ ಒಂದ್ಸಲ ಯಾರೋ ಹೇಳಿದ್ರು ಅಂತ ಇಂಥದ್ದೇ ಮಾತ್ರೆ ಪುಡಿ ಮಾಡಿ ಸಾರಿಗೆ ಹಾಕಿದ್ರಂತೆ. ಬಯ್ಯಲಿಲ್ಲ ನಾನು, ಹತಾಶೆಗೆ ಎಷ್ಟೋ ಮನೇಲಿ ಮಾಡ್ತಾರೆ, ಆದ್ರೆ ದಯವಿಟ್ಟು ಮಾಡಬೇಡಿ, ಹಾರ್ಟ್ ವೀಕ್ ಇದ್ದವರು ಸತ್ತೇ ಹೋಗಬಹುದು.

ಹೆಂಡತೀನೇ ಇನ್ನೊಂದು ಪ್ರಶ್ನೆ ಕೇಳಿದ್ರು, ನನ್ನ ತಲೆಗೆ ಹೊಳೆದೇ ಇರಲಿಲ್ಲ. "ಮೇಡಂ, ತಿಂಗಳ ಮೊದಲನೇ ಭಾನುವಾರ ಪ್ರಭುಭೋಜನ ಇರುತ್ತೆ, ಪಾತ್ರೇಲಿ ದ್ರಾಕ್ಷಾರಸ ಕೊಡ್ತಾರೆ, ಅದು ಮನೇಲೇ ಹುಳಿ ಬರಿಸಿದ್ದು." ಯೇಸುವಿನ ಕೊನೇ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚೋದೇ ಪ್ರಭುಭೋಜನ. ಡೈಸಲ್ಫಿರಾಮ್ ಮೇಲೆ ಅದೊಂದು ಗುಟುಕೂ ಬೇಡ, ಮದ್ಯ ಇರೋ ಕೆಮ್ಮಿನ ಸಿರಪ್ಪೂ ಬೇಡ. ಆದ್ರೆ ಪಾತ್ರೆ ಮುಟ್ಟದೆ ಹಿಂದೆ ಸರಿದ್ರೆ ಇಡೀ ಸಭೆಗೆ ಗೊತ್ತಾಗುತ್ತೆ ಅನ್ನೋದು ಮೇಸ್ತ್ರಿ ಸಂಕಟ. ಅವರ ಅನುಮತಿ ತಗೊಂಡು ಪಾಸ್ಟರ್‌ಗೆ ಫೋನ್ ಮಾಡಿದೆ.

ಇನ್ನೂ ಚಿಕ್ಕ ವಯಸ್ಸಿನ ಪಾಸ್ಟರು, ಬೈಕಲ್ಲಿ ಬಂದ್ರು, ಹೆಲ್ಮೆಟ್ ಮಡಿಲಲ್ಲೇ ಇಟ್ಕೊಂಡು ಕೂತ್ರು. ವಾದಕ್ಕೆ ಬರ್ತಾರೇನೋ ಅಂತ ನಾನು ರೆಡಿ ಆಗಿದ್ದೆ, ಅವರು "ಮೈಕ್ ಮುಂದೆ ನಿಲ್ಲಿಸಿದ್ದು ನಾನೇ ಮೇಡಂ" ಅಂದ್ರು. ದ್ರಾಕ್ಷಾರಸದ ವಿಷಯಕ್ಕೆ, ಮೆಥೋಡಿಸ್ಟ್ ಅನ್ನೋ ಕ್ರೈಸ್ತ ಪಂಗಡದ ಸಭೆಗಳಲ್ಲಿ ಹುಳಿ ಬರದ ದ್ರಾಕ್ಷಿ ರಸವೇ ರೂಢಿ, 1869ರಲ್ಲಿ ಅಮೆರಿಕದ ವೆಲ್ಚ್ ಅನ್ನೋ ಹಲ್ಲಿನ ಡಾಕ್ಟರು ರಸ ಕಾಯಿಸಿ ಹುಳಿಯಾಗದ ಹಾಗೆ ಇಡೋದು ಕಂಡುಹಿಡಿದದ್ದೇ ಪ್ರಭುಭೋಜನಕ್ಕೋಸ್ಕರ ಅಂತ ಅವರೇ ಹೇಳಿದ್ರು. ಕ್ಯಾಥೊಲಿಕರಲ್ಲಿ ರೊಟ್ಟಿ ಮಾತ್ರ ತಗೊಂಡ್ರೂ ಪೂರ್ತಿ ಪ್ರಸಾದವೇ ಅಂತೆ. ಮುಂದಿನ ತಿಂಗಳಿಂದ ಇಡೀ ಸಭೆಗೇ ಒಣದ್ರಾಕ್ಷಿ ಕುದಿಸಿದ ರಸ ಮಾಡಿದ್ರು, ಯಾರಿಗೋಸ್ಕರ ಅಂತ ಹೇಳಲಿಲ್ಲ. ನನಗೆ ಈ ಪಾಸ್ಟರ್ ಮೇಲೆ ಗೌರವ ಬಂದದ್ದು ಆ ಹೇಳದೆ ಇದ್ದದ್ದಕ್ಕೆ.

ಅವರಿಗೆ ನಾನು ಕೇಳ್ಕೊಂಡದ್ದು ಸ್ವಲ್ಪವೇ. ಒಂದು ವರ್ಷ ಮೇಸ್ತ್ರಿಯಿಂದ ಸಾಕ್ಷಿ ಹೇಳಿಸಬೇಡಿ. ಮಾತ್ರೆ ಅಪನಂಬಿಕೆ ಅಂತ ಯಾರಾದ್ರೂ ಅಂದ್ರೆ ನೀವೇ ಉತ್ತರ ಕೊಡಿ, ಆ ಭಾರ ಅವರ ಮೇಲೆ ಹಾಕಬೇಡಿ. ಕುಡಿದ ರಾತ್ರಿ ಫೋನ್ ಮಾಡಿದ್ರೆ ಉಪದೇಶ ಮಾಡದೆ ಎತ್ತಿ ಮಾತಾಡಿ.

ಆಮೇಲೆ ಎಎ ಮೀಟಿಂಗ್, ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ, ಕುಡಿತ ಬಿಡೋರು ಒಬ್ಬರಿಗೊಬ್ಬರು ಆಸರೆಯಾಗೋ ಕೂಟ. ಮೇಸ್ತ್ರಿಗೆ ಅನುಮಾನ, ಅಲ್ಲಿ ಯೇಸು ಹೆಸರು ಹೇಳಬಹುದಾ, ಅದು ಬೇರೆ ಧರ್ಮವಾ ಅಂತ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು, ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಅನ್ನೋ ಕ್ರೈಸ್ತ ಕೂಟದಿಂದ ಬಂದವರು, ಹನ್ನೆರಡು ಹೆಜ್ಜೇಲಿ ಐದನೆಯದು ತಪ್ಪನ್ನ ದೇವರಿಗೂ, ತನಗೂ, ಇನ್ನೊಬ್ಬ ಮನುಷ್ಯನಿಗೂ ಒಪ್ಕೊಳ್ಳೋದು ಅಂತ ವಿವರಿಸಿದೆ. ದೇವರು ಅಂದ್ರೆ ಅವರವರು ಅರ್ಥ ಮಾಡ್ಕೊಂಡ ಹಾಗೆ, ಫೀಸಿಲ್ಲ. ಹೋಗಿ ಬಂದ ಮೇಲೆ ಅವರು ಹೇಳಿದ್ದು ನಾನು ಡೈರೀಲಿ ಬರ್ಕೊಂಡಿದೀನಿ: "ಅಲ್ಲಿ ಒಂಬತ್ತು ವರ್ಷ ಬಿಟ್ಟವರೂ ಎದ್ದು 'ನಾನು ಕುಡುಕ' ಅಂತಾರೆ ಮೇಡಂ. ನಾನು ಮೂರು ವಾರಕ್ಕೇ 'ಕುಡುಕನಾಗಿದ್ದೆ' ಅಂದ್ಬಿಟ್ಟೆ." ಇನ್ನೊಂದು ದಿನ ಅವರೇ ಬೈಬಲಲ್ಲಿ ಬರೋ ಮನ್ನ ಅನ್ನೋ ಆಹಾರದ ಕಥೆ ತಂದ್ರು, ಅರಣ್ಯದಲ್ಲಿ ದೇವರು ಕೊಟ್ಟ ಮನ್ನ ಆವತ್ತಿಂದು ಆವತ್ತಿಗೇ, ನಾಳೆಗೆ ಅಂತ ಎತ್ತಿಟ್ರೆ ಹುಳ ಬೀಳ್ತಿತ್ತಂತೆ, ಇವತ್ತೊಂದು ದಿನ ಅನ್ನೋ ಎಎ ಮಾತು ತನಗೆ ಹಾಗೆ ಅರ್ಥ ಆಯ್ತು ಅಂದ್ರು. ನಾನು ಹತ್ತು ಸೆಷನ್ ಮಾಡಿದ್ರೂ ಅಷ್ಟು ಚೆನ್ನಾಗಿ ಹೇಳೋಕೆ ಆಗ್ತಿರಲಿಲ್ಲ.

ಕೆಲಸದ ಕಡೆಯ ಸಲಹೆ: ಮೋಲ್ಡ್ ದಿನ ಕಾಂಕ್ರೀಟ್ ಮುಗಿದ ತಕ್ಷಣ ಊಟ ಕಟ್ಟಿಸ್ಕೊಂಡು ಹೊರಡೋದು, ಎಣ್ಣೆ ಹಂಚೋ ಕೆಲಸ ಬೇರೆಯವರಿಗೆ, ಶನಿವಾರದ ಬಟವಾಡೆ ಹೆಂಡತಿ ಜೊತೆಗಿದ್ದಾಗಲೇ ಮಾಡೋದು. ಹೆಂಡತಿಗೆ, ದಿನಾ ಸಂಜೆ ಬಾಯಿ ಮೂಸಿ ನೋಡೋದು ಬಿಡಿ, ಬೆಳಿಗ್ಗೆ ಮಾತ್ರೆ ನಿಮ್ಮ ಮುಂದೆ ತಗೊಂಡ್ರೆ ಸಾಕು ಅಂದೆ.

ಐದನೇ ತಿಂಗಳಲ್ಲಿ ತಾಯಿ ತೀರ್ಕೊಂಡ್ರು, ಮೇಸ್ತ್ರಿ ಮತ್ತೆ ಕುಡಿದ್ರು, ಮಾತ್ರೆ ಒಂದು ತಿಂಗಳಿಂದ ಬಿಟ್ಟಿದ್ರು ಅಂತ ಆಗ ಗೊತ್ತಾಯ್ತು. ಈ ಸಲ ರಾತ್ರಿ ಹನ್ನೊಂದೂವರೆಗೆ ಪಾಸ್ಟರ್‌ಗೆ ಫೋನ್ ಮಾಡಿ "ಅಯ್ಯನವರೇ, ಕುಡಿದಿದೀನಿ" ಅಂದಿದಾರೆ. ಮಂಗಳವಾರ ಇಬ್ಬರೂ ಒಂದೇ ಬೈಕಲ್ಲಿ ಬಂದ್ರು. ಅಲ್ಲಿಂದ ಈಚೆಗೆ ಒಂಬತ್ತು ತಿಂಗಳಾಯ್ತು, ಲಿವರ್ ಟೆಸ್ಟ್ ಮಾಡಿಸ್ತಾ ಇದೀವಿ, ಮಾತ್ರೆ ಎಷ್ಟು ದಿನ ಅನ್ನೋದು ಡಾಕ್ಟರ್ ತೀರ್ಮಾನ.

ಇಂಥ ಪರಿಸ್ಥಿತೀಲಿ ಇರೋರು 14446ಕ್ಕೆ ಫೋನ್ ಮಾಡಿ, ವ್ಯಸನಕ್ಕೇ ಇರೋ ಸರ್ಕಾರದ ಸಹಾಯವಾಣಿ, ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಅವರ ಹೆಂಡತಿ ವಿಷಯ ಒಂದು ಉಳೀತು. ಸಾಕ್ಷಿ ದಿನ "ನಿನ್ನ ಪ್ರಾರ್ಥನೆಯಿಂದಲೇ ಗಂಡ ಬಿಟ್ಟ" ಅಂತ ತಬ್ಬಿಕೊಂಡಿದ್ದ ಹೆಂಗಸರೇ, ಸುದ್ದಿ ಗೊತ್ತಾದ ಮೇಲೆ "ನಿನ್ನ ಪ್ರಾರ್ಥನೆ ಕಡಿಮೆ ಆಯ್ತೇನೋ" ಅಂದಿದ್ರಂತೆ. ಭಾನುವಾರದ ಆರಾಧನೆಗೆ ಹೋಗ್ತಾರೆ, ಬುಧವಾರದ ಹೆಂಗಸರ ಕೂಟಕ್ಕೆ ಇವತ್ತಿಗೂ ಕಾಲಿಟ್ಟಿಲ್ಲ. ಹೋಗಿ ಅಂತ ನಾನೂ ಹೇಳಿಲ್ಲ. ಬುಧವಾರ ಸಂಜೆ ಅವರು ನನ್ನ ಹತ್ರ ಬರ್ತಾರೆ, ಒಬ್ಬರೇ.