ಬುಧ ಚಂದ್ರನ ಅವಳಿಯಲ್ಲ

ಪ್ರಿಯ ಲೇಖಕರೇ,

ಕಲ್ಲಿನ ಗ್ರಹ, ಉಪಗ್ರಹಗಳನ್ನು ಹೋಲಿಸಿ ನೀವು ಬರೆದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಶುಕ್ರನ ಭಾಗ ಚೆನ್ನಾಗಿ ಬಂದಿದೆ. ಆದರೆ ಒಂದು ಸಾಲು ಓದಿದಾಗಿನಿಂದ ತಲೆ ಕೊರೆಯುತ್ತಿದೆ: ‘ಬುಧ ಥೇಟ್ ಚಂದ್ರನ ಅವಳಿ, ಬೂದು ಬಣ್ಣ, ಮೈತುಂಬ ಕುಳಿ.’

ಬಣ್ಣವೂ ನಿಜ, ಕುಳಿಯೂ ನಿಜ. ಅಷ್ಟಕ್ಕೇ ಅವಳಿಯಾಗುವುದು ಹೇಗೆ? ಚಂದ್ರನ ಸಾಂದ್ರತೆ ಘನ ಸೆಂಟಿಮೀಟರಿಗೆ 3.3 ಗ್ರಾಂ, ಬುಧನದು 5.4. ಬುಧನ ಒಡಲಲ್ಲಿ ಬಹುಪಾಲು ಕಬ್ಬಿಣದ ತಿರುಳೇ ಇದೆ. ಅದು ತಣಿಯುತ್ತ ಹೋದಂತೆ ಇಡೀ ಗ್ರಹ ಕುಗ್ಗಿತು. ಹೊರಪದರ ಒಡೆದು ಒಂದರ ಮೇಲೊಂದು ಏರಿ ಉದ್ದುದ್ದ ಕಡಿದಾದ ಏಣುಗಳೆದ್ದವು. ಇಂಥವು ಚಂದ್ರನಲ್ಲೂ ಇವೆ, ಆದರೆ ಸಾಮಾನ್ಯವಾಗಿ ಹತ್ತಾರು ಮೀಟರ್ ಎತ್ತರ. ಬುಧನಲ್ಲಿ ಕಿಲೋಮೀಟರುಗಟ್ಟಲೆ ಎತ್ತರದವಿವೆ. ನೀವೇ ಲಗತ್ತಿಸಿದ ಚಿತ್ರದಲ್ಲಿ ಡಿಸ್ಕವರಿ ರೂಪೀಸ್ ಎಂಬ ಏಣು ಕಣ್ಣಿಗೆ ರಾಚುತ್ತಿದೆ. ಅದರ ಉದ್ದ 600 ಕಿ.ಮೀ.ಗೂ ಹೆಚ್ಚು. ಅದು ಒಂದು ದೊಡ್ಡ ಕುಳಿಯನ್ನು ಅಡ್ಡಲಾಗಿ ಸೀಳಿಕೊಂಡು ಹೋಗಿದೆ. ಅಂದರೆ ಕುಳಿ ಮೊದಲು, ಕುಗ್ಗಿದ್ದು ಆಮೇಲೆ. ಇಡೀ ಗ್ರಹದ ಚರಿತ್ರೆ ಆ ಒಂದು ಜಾಗದಲ್ಲಿ ಬಿದ್ದಿರುವಾಗ ನೀವು ಅದರ ಬಗ್ಗೆ ಒಂದಕ್ಷರ ಬರೆದಿಲ್ಲ.

ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ನಮ್ಮ ಹಿರಿಯರೊಬ್ಬರು ಅಡಿಬರಹ ಬರೆಯಲು ಚಂದ್ರನ ಚಿತ್ರಗಳನ್ನು ಕೊಡುತ್ತಿದ್ದರು. ಪೆನ್ನು ಮುಟ್ಟುವಂತಿರಲಿಲ್ಲ. ‘ಬಿಸಿಲು ಯಾವ ಕಡೆಯಿಂದ ಬಿದ್ದಿದೆ? ಯಾವ ಕುಳಿಯ ಅಂಚನ್ನು ಯಾವುದು ಮುರಿದಿದೆ?’ ಎಂದು ಕೇಳುತ್ತಿದ್ದರು. ಮುರಿದದ್ದು ಕಿರಿಯದು, ಮುರಿಸಿಕೊಂಡದ್ದು ಹಿರಿಯದು. ಇಷ್ಟನ್ನು ಬಾಯಲ್ಲಿ ಹೇಳಿದ ಮೇಲೆಯೇ ಬರೆಯಲು ಬಿಡುತ್ತಿದ್ದರು. ಆಗ ಅದು ಹಿಂಸೆ ಅನ್ನಿಸುತ್ತಿತ್ತು. ಈಗಲೂ ಯಾವ ಗ್ರಹದ ಚಿತ್ರ ಬಂದರೂ ಮೊದಲು ನೆರಳು ಹುಡುಕುತ್ತೇನೆ.

ಇನ್ನೊಂದು ಸಾಲು: ‘ಮಂಗಳನ ಒಲಿಂಪಸ್ ಮಾನ್ಸ್ ಬುಡದಲ್ಲಿ ನಿಂತು ತಲೆಯೆತ್ತಿದರೆ ಶಿಖರ ಆಕಾಶ ಮುಟ್ಟಿದಂತೆ ಕಾಣುತ್ತದೆ.’ ಕಾಣುವುದಿಲ್ಲ. ಆ ಜ್ವಾಲಾಮುಖಿಯ ಎತ್ತರ ಸುಮಾರು 22 ಕಿ.ಮೀ. ಸರಿ, ಆದರೆ ಅಗಲ ಸುಮಾರು 600 ಕಿ.ಮೀ. ಬುಡದ ಕಡಿದಾದ ಅಂಚು ಬಿಟ್ಟರೆ ಇಳಿಜಾರು ಬರೀ ಐದು ಡಿಗ್ರಿಯಷ್ಟು. ಮಂಗಳ ಚಿಕ್ಕ ಗೋಳವಾದ್ದರಿಂದ ದಿಗಂತವೂ ಹತ್ತಿರ. ಅಲ್ಲಿ ನಿಂತವರಿಗೆ ತುದಿ ಎಲ್ಲಿದೆ ಎಂದೇ ಗೊತ್ತಾಗದು. ಅಷ್ಟು ಎತ್ತರ ಬೆಳೆದದ್ದೇಕೆ ಎಂಬುದನ್ನೂ ನೀವು ಬಿಟ್ಟಿದ್ದೀರಿ. ಭೂಮಿಯಲ್ಲಿ ಸಾಗರತಳದ ಕಲ್ಲಿನ ಫಲಕ ಲಾವಾ ಉಕ್ಕುವ ಜಾಗದ ಮೇಲೆ ಸರಿಯುತ್ತಲೇ ಇರುವುದರಿಂದ ಹವಾಯಿಯಲ್ಲಿ ಜ್ವಾಲಾಮುಖಿಗಳು ಸಾಲಾಗಿ ಹುಟ್ಟಿದವು. ಮಂಗಳನಲ್ಲಿ ನೆಲ ಹಾಗೆ ಸರಿಯಲಿಲ್ಲ. ಲಾವಾ ಒಂದೇ ಕಡೆ ಉಕ್ಕಿ ಉಕ್ಕಿ ಪೇರಿಸಿಕೊಂಡಿತು. ಎವರೆಸ್ಟಿಗಿಂತ ಎಷ್ಟು ಪಟ್ಟು ಎನ್ನುವ ಲೆಕ್ಕಕ್ಕಿಂತ ಓದುಗರಿಗೆ ಬೇಕಾದದ್ದು ಇದು.

ಉಳಿದದ್ದರ ಮಾತು ಈಗ ಬೇಡ. ಬುಧನ ಪುಟವನ್ನು ಆ ಸೀಳಿದ ಕುಳಿಯಿಂದಲೇ ಶುರುಮಾಡಿ, ಮತ್ತೆ ಬರೆದು ಕಳಿಸಿ. ಈ ಲೇಖನ ನನಗೆ ಬೇಕು.

ಇತಿ,
ಸಂಪಾದಕ