ಚೀನೀ ದೇವಸ್ಥಾನದ ಬಾಗಿಲ ಮೇಲೆ ಬರೆದಿರುವ ಆ ಇಬ್ಬರು ಯೋಧರು ಯಾರು?

ಸಿಂಗಪುರದ ಚೀನೀ ದೇವಸ್ಥಾನದ ಬಾಗಿಲಲ್ಲಿ ಆಳೆತ್ತರದ ಇಬ್ಬರು ಗಡ್ಡದ ಯೋಧರನ್ನು ನೋಡಿದಿರಿ, ಅವರು ದೇವರಾ, ರಾಜರಾ, ಇಲ್ಲ ಸುಮ್ನೆ ಅಲಂಕಾರಾನಾ ಅಂತ ಕೇಳಿದ್ದೀರಿ. ಅಲಂಕಾರ ಖಂಡಿತ ಅಲ್ಲ. ಒಬ್ಬನ ಮುಖ ಬಿಳಿ, ಇನ್ನೊಬ್ಬನದು ಕಪ್ಪು ಇದ್ದರೆ ಇಬ್ಬರೂ ನಿಜವಾಗಿ ಬದುಕಿದ್ದ ಸೇನಾಪತಿಗಳು. ನಿದ್ದೆ ಬಾರದ ಒಬ್ಬ ದೊರೆಗಾಗಿ ಬಾಗಿಲು ಕಾಯಲು ನಿಂತವರು.

ನಾನು ಕೆಲವು ವರ್ಷಗಳಿಂದ ಇಲ್ಲೇ ಇದ್ದೇನೆ. ಮೊದಮೊದಲು ನನಗೂ ಇವು ಬರೀ ಬಣ್ಣದ ಚಿತ್ರಗಳೇ ಆಗಿದ್ದವು. ಗೆಳೆಯನ ತಾಯಿ, ನಾವೆಲ್ಲ ಆಂಟಿ ಅಂತ ಕರೆಯುವವರು, ಒಂದು ದಿನ ಬಾಗಿಲ ಮುಂದೆ ನಿಲ್ಲಿಸಿ ಗುರುತು ಹೇಳಿಕೊಟ್ಟರು. ಬಿಳಿ ಮುಖದವನು ಚಿನ್ ಚಿಯೋಂಗ್. ಅವನ ಕೈಯಲ್ಲಿ ಜೋಡಿ ಉಕ್ಕಿನ ಕೋಲು. ಕಪ್ಪು ಮುಖದವನು ಯೂಚಿ ಗೋಂಗ್. ಅವನದೂ ಕೋಲೇ, ಆದರೆ ಬಿದಿರಿನ ಹಾಗೆ ಗೆಣ್ಣು ಗೆಣ್ಣಾಗಿರುತ್ತದೆ. ಅಷ್ಟು ತಿಳಿದ ಮೇಲೆ ಬೇರೆ ಊರಿನ ಗುಡಿಯಲ್ಲೂ ನಾನು ಇವರನ್ನು ದೂರದಿಂದಲೇ ಗುರುತಿಸುತ್ತೇನೆ.

ಈಗ ಕತೆ. ತಾಂಗ್ ವಂಶದ ದೊರೆ ತೈಜೋಂಗ್ ಆಳುತ್ತಿದ್ದ ಕಾಲ, ಅಂದರೆ 626ರಿಂದ 649. ರಾಜಧಾನಿ ಚಾಂಗಾನ್‌ನಲ್ಲಿ ಒಬ್ಬ ಜ್ಯೋತಿಷಿ ಇದ್ದ. ದಿನಾ ಒಂದು ಮೀನು ಕೊಟ್ಟರೆ, ನದಿಯಲ್ಲಿ ಬಲೆ ಎಲ್ಲಿ ಬೀಸಬೇಕು ಅಂತ ಬೆಸ್ತನಿಗೆ ಹೇಳುತ್ತಿದ್ದ. ಅವನ ಮಾತು ಒಂದು ಸಲವೂ ತಪ್ಪುತ್ತಿರಲಿಲ್ಲ. ಹೀಗೇ ಆದರೆ ನನ್ನ ನದಿ ಖಾಲಿಯಾಗುತ್ತದೆ ಅಂತ ಆ ನದಿಯ ನಾಗರಾಜನಿಗೆ ಸಿಟ್ಟು ಬಂತು. (ನಾವು ಡ್ರ್ಯಾಗನ್ ಅನ್ನುತ್ತೇವಲ್ಲ, ಅದು ಅಲ್ಲಿ ನೀರಿನ, ಮಳೆಯ ಒಡೆಯ. ನಮ್ಮ ನಾಗನಿಗೆ ಹತ್ತಿರ.) ಮನುಷ್ಯನ ವೇಷ ಹಾಕಿಕೊಂಡು ಜ್ಯೋತಿಷಿಯ ಹತ್ತಿರ ಬಂದ. "ನಾಳೆ ಮಳೆ ಎಷ್ಟು ಬರುತ್ತದೆ, ಹೇಳು" ಅಂದ. "3 ಅಡಿ 3 ಅಂಗುಲ, ಮೇಲೆ 48 ಹನಿ" ಅಂದ ಜ್ಯೋತಿಷಿ. ಇಬ್ಬರೂ ಪಂತ ಕಟ್ಟಿದರು.

ಮಳೆ ಸುರಿಸುವವನು ತಾನೇ ಆದ್ದರಿಂದ ನಾಗರಾಜ ನಗುತ್ತಾ ಮನೆಗೆ ಹೋದ. ಅಷ್ಟರಲ್ಲಿ ಸ್ವರ್ಗದ ಒಡೆಯನಿಂದ ಆಜ್ಞೆ ಬಂತು. ಅದರಲ್ಲಿ ಹನಿಯ ಲೆಕ್ಕವೂ ತಪ್ಪದೆ ಅಷ್ಟೇ ಮಳೆ! ಪಂತ ಸೋಲಬಾರದು ಅಂತ ಅವನು ಹೊತ್ತು ಬದಲಿಸಿದ, 3 ಅಂಗುಲ 8 ಹನಿ ಕಡಿಮೆ ಸುರಿಸಿದ. ಆಜ್ಞೆ ಮೀರಿದ್ದಕ್ಕೆ ಶಿಕ್ಷೆ ಮರಣದಂಡನೆ. ತಲೆ ಕಡಿಯಬೇಕಾದವನು ತೈಜೋಂಗ್‌ನ ಮಂತ್ರಿ ವೇಯ್ ಝೆಂಗ್.

ನಾಗರಾಜ ದೊರೆಯ ಕನಸಿನಲ್ಲಿ ಬಂದು ಕಾಲಿಗೆ ಬಿದ್ದ. ದೊರೆ ಕಾಪಾಡುತ್ತೇನೆ ಅಂತ ಮಾತು ಕೊಟ್ಟ. ಮರುದಿನ ಮಂತ್ರಿಯನ್ನು ಕರೆಸಿ, ಮಣೆಯ ಮೇಲೆ ಕಪ್ಪು ಬಿಳಿ ಕಾಯಿಗಳನ್ನಿಟ್ಟು ಆಡುವ ಆಟಕ್ಕೆ ಕೂರಿಸಿಕೊಂಡ. ಎದುರಿಗೇ ಕೂತಿದ್ದರೆ ಹೇಗೆ ಕೊಲ್ಲುತ್ತಾನೆ, ಅಲ್ವಾ? ಆಟದ ನಡುವೆ ಮಂತ್ರಿಗೆ ತೂಕಡಿಕೆ ಬಂತು. ಪಾಪ, ದಣಿದಿದ್ದಾನೆ ಅಂತ ದೊರೆ ಎಬ್ಬಿಸಲಿಲ್ಲ. ಸ್ವಲ್ಪ ಹೊತ್ತಿಗೆ ರಕ್ತ ಸುರಿಯುವ ನಾಗನ ತಲೆಯನ್ನು ಸೇನಾಪತಿಗಳು ಅರಮನೆಗೆ ತಂದರು. ಮೋಡದಿಂದ ಬಿತ್ತಂತೆ. ವೇಯ್ ಝೆಂಗ್ ಕನಸಿನಲ್ಲೇ ಹೋಗಿ ಕೆಲಸ ಮುಗಿಸಿ ಬಂದಿದ್ದ.

ಈ ಭಾಗ ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ದೊರೆ ಮಾತು ತಪ್ಪಲಿಲ್ಲ, ಮಂತ್ರಿಯೂ ಕರ್ತವ್ಯ ಬಿಡಲಿಲ್ಲ, ಆದರೂ ನಾಗ ಸತ್ತ.

ಅವತ್ತಿನಿಂದ ರಾತ್ರಿಯಾದರೆ ನಾಗನ ಪ್ರೇತದ ಕಾಟ. "ನನ್ನ ಜೀವ ವಾಪಸ್ ಕೊಡು" ಅನ್ನುವ ಕೂಗು. ಚಿನ್ ಮತ್ತು ಯೂಚಿ ಆಯುಧ ಹಿಡಿದು ಬಾಗಿಲಲ್ಲಿ ನಿಂತ ರಾತ್ರಿ ದೊರೆಗೆ ನಿದ್ದೆ ಬಂತು. ಇವರನ್ನು ದಿನಾ ನಿದ್ದೆಗೆಡಿಸುವುದು ತಪ್ಪು ಅನ್ನಿಸಿ, ಅವರ ಚಿತ್ರ ಬರೆಸಿ ಬಾಗಿಲಿಗೆ ಅಂಟಿಸಿದ.

ಕತೆಯ ಈ ರೂಪ 16ನೇ ಶತಮಾನದ ಕಾದಂಬರಿ 'ಪಶ್ಚಿಮ ಯಾತ್ರೆ'ಯಲ್ಲಿದೆ. ಇಷ್ಟಾದರೂ ದೊರೆ ಒಮ್ಮೆ ಯಮಲೋಕಕ್ಕೆ ಹೋಗಿ ಬರಬೇಕಾಗುತ್ತದೆ. ವಾಪಸ್ ಬಂದ ಮೇಲೆ ಸತ್ತವರ ಸದ್ಗತಿಗಾಗಿ, ಧರ್ಮಗ್ರಂಥ ತರಲು ಒಬ್ಬ ಭಿಕ್ಷುವನ್ನು ಭಾರತಕ್ಕೆ ಕಳಿಸುತ್ತಾನೆ. ಆ ಭಿಕ್ಷು ಯಾರು ಗೊತ್ತಾ? ನಾವು ಶಾಲೆಯಲ್ಲಿ ಓದಿದ ಹ್ಯೂಯೆನ್ ತ್ಸಾಂಗ್! ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟವನು. ಇತಿಹಾಸದಲ್ಲಿ ಅವನು ಹೊರಟಿದ್ದು ದೊರೆಯ ಅಪ್ಪಣೆ ಇಲ್ಲದೆ. 645ರಲ್ಲಿ ಮರಳಿದಾಗ ಪ್ರೀತಿಯಿಂದ ಬರಮಾಡಿಕೊಂಡವನು ಮಾತ್ರ ಇದೇ ತೈಜೋಂಗ್. ಇದು ತಿಳಿದ ದಿನ ಆ ಬಾಗಿಲು ನನಗೆ ಪರದೇಶದ್ದು ಅನ್ನಿಸಲೇ ಇಲ್ಲ.

ಚಿತ್ರ ಬರೆಸಿದ ಮಾತಿಗೂ ಇತಿಹಾಸದಲ್ಲಿ ಒಂದು ನೆರಳಿದೆ. 643ರಲ್ಲಿ ತೈಜೋಂಗ್ ತನ್ನ 24 ಜನ ಆಪ್ತರ ಭಾವಚಿತ್ರಗಳನ್ನು ಲಿಂಗ್‌ಯಾನ್ ಮಂಟಪದಲ್ಲಿ ಬರೆಸಿದ. ಚಿತ್ರಕಾರ ಯಾನ್ ಲಿಬೆನ್. ಆ 24 ಜನರಲ್ಲಿ ಚಿನ್, ಯೂಚಿ, ವೇಯ್ ಝೆಂಗ್ ಮೂವರೂ ಇದ್ದಾರೆ. ಯೂಚಿಯಂತೂ ಮೊದಲು ಶತ್ರುಪಡೆಯಲ್ಲಿದ್ದು, 620ರಲ್ಲಿ ಶರಣಾಗಿ ಬಂದವನು. ಅಂಥವನೇ ಬಾಗಿಲು ಕಾಯುವಷ್ಟು ನಂಬಿಕಸ್ತನಾದ.

ಬಾಗಿಲ ದೇವರ ಪದ್ಧತಿ ಇವರಿಗಿಂತ ಬಹಳ ಹಳೆಯದು. ಮೊದಲು ಆ ಜಾಗದಲ್ಲಿ ಇದ್ದವರು ಶೆನ್‌ಶು, ಯೂಲ್ಯೂ ಅನ್ನುವ ಅಣ್ಣತಮ್ಮಂದಿರು. ಪೂರ್ವ ಸಮುದ್ರದ ಬೆಟ್ಟದಲ್ಲಿ ಒಂದು ದೊಡ್ಡ ಪೀಚ್ ಮರ, ಅದರ ಕೊಂಬೆಗಳ ನಡುವೆ ಭೂತಗಳು ಓಡಾಡುವ ಬಾಗಿಲು. ಕೆಟ್ಟ ಭೂತ ಸಿಕ್ಕಿದರೆ ಇವರು ಜೊಂಡಿನ ಹಗ್ಗದಲ್ಲಿ ಕಟ್ಟಿ ಹುಲಿಗೆ ಹಾಕುತ್ತಿದ್ದರಂತೆ. ಹೊಸ ವರ್ಷಕ್ಕೆ ಪೀಚ್ ಮರದ ಹಲಗೆಗಳನ್ನು ಬಾಗಿಲಿಗೆ ಕಟ್ಟುವ ರೂಢಿ ಬಂದದ್ದು ಇದರಿಂದ. ಈಗ ಮನೆಮನೆಯಲ್ಲಿ ಅಂಟಿಸುವ ಕೆಂಪು ಕಾಗದದ ಬರಹಗಳು ಆ ಹಲಗೆಗಳ ಮುಂದುವರಿಕೆ.

ಎಲ್ಲ ಗುಡಿಯಲ್ಲೂ ಇವರೇ ಇರುವುದಿಲ್ಲ. ತೆಲೋಕ್ ಆಯರ್ ರಸ್ತೆಯ ತಿಯಾನ್ ಹಾಕ್ ಕೆಂಗ್ 1842ರ ಹೊತ್ತಿಗೆ ಕಟ್ಟಿ ಮುಗಿಸಿದ ಗುಡಿ. ಅಲ್ಲಿನ ದೇವಿ ಮಾಜು, ಕಡಲಲ್ಲಿ ಹೋಗುವವರನ್ನು ಕಾಯುವವಳು. ಅವಳಿಗೆ ಸ್ವರ್ಗದ ರಾಣಿಯ ಪದವಿ. ಅಂಥ ದೇವಿಯ ಗುಡಿಗಳಲ್ಲಿ ಪಕ್ಕದ ಬಾಗಿಲಿಗೆ ಹೆಚ್ಚಾಗಿ ಅಂತಃಪುರದ ಸೇವಕಿಯರನ್ನು ಬರೆಯುತ್ತಾರೆ. ಬೌದ್ಧ ಗುಡಿಯಾದರೆ ನಾಲ್ಕು ದಿಕ್ಕಿನ ರಾಜರು. ಅವರಲ್ಲಿ ಒಬ್ಬ ವೈಶ್ರವಣ, ಅಂದರೆ ನಮ್ಮ ಕುಬೇರ.

ಒಳಗೆ ಹೋಗುವಾಗ ಎತ್ತರದ ಹೊಸ್ತಿಲನ್ನು ತುಳಿಯಬೇಡಿ, ದಾಟಿ. ನಮ್ಮ ಮನೆಯಲ್ಲಿ ಹೇಳುವ ಹಾಗೇ ಇಲ್ಲೂ ಹೇಳುತ್ತಾರೆ. ಹಿಂಬಾಗಿಲು ಇದ್ದರೆ ಅದನ್ನೂ ನೋಡಿ. ಮುಂದೆ ಕಾವಲು ಕೂತ ಮೇಲೆ ಆ ಪ್ರೇತ ಹಿಂದಿನಿಂದ ಬಂದು ಇಟ್ಟಿಗೆ ಎಸೆಯಲು ಶುರುಮಾಡಿತಂತೆ. ಅಲ್ಲಿ ಕತ್ತಿ ಹಿಡಿದು ಒಬ್ಬನೇ ನಿಂತಿದ್ದರೆ, ಅವನು ವೇಯ್ ಝೆಂಗ್.