ರೇಡಿಯೇಶನ್ ನಡೀತಿದೆ, ಮಗುವನ್ನು ಹತ್ತಿರ ಬಿಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ, ಗಂಟಲಿನ ಕ್ಯಾನ್ಸರ್. ಒಟ್ಟು 35 ಸಲ ರೇಡಿಯೇಶನ್ ಅಂದಿದ್ದಾರೆ. ಮೆಶಿನ್ ಕೆಳಗೆ ಮಲಗಿಸಿ ಹೊರಗಿನಿಂದ ಕೊಡುತ್ತಾರೆ, ಜೊತೆಗೆ ಕೀಮೋನೂ ಇದೆ. ಈಗ ಮೂರನೇ ವಾರ. ಬಾಯೆಲ್ಲ ಹುಣ್ಣು, ಎಂಜಲು ನುಂಗೋಕೂ ಕಷ್ಟ. ಒಂದು ವಾರ ಬಿಟ್ಟು ಆಮೇಲೆ ಹೋಗೋಣ ಅಂತ ಹಟ ಮಾಡ್ತಿದ್ದಾರೆ. ಇನ್ನೊಂದು ವಿಷಯ, ನನ್ನ ಮಗಳಿಗೆ ಎರಡು ವರ್ಷ. ಅವಳು ತಾತನ ಹತ್ತಿರ ಹೋಗಬಹುದಾ? ಭಯಕ್ಕೆ ನಾನೇ ತಡೀತಾ ಇದ್ದೀನಿ.

ಉತ್ತರ: ಮಗುವನ್ನು ಇವತ್ತೇ ತಾತನ ಹತ್ತಿರ ಬಿಡಿ. ಮೆಶಿನ್ ಆಫ್ ಆದ ಕ್ಷಣಕ್ಕೆ ಕಿರಣವೂ ನಿಂತಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಎತ್ತಿಕೊಳ್ಳಲಿ, ಪಕ್ಕದಲ್ಲಿ ಮಲಗಿಸಿಕೊಳ್ಳಲಿ. ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ಕುಡಿಸಿದವರು, ಮೈಯೊಳಗೆ ಶಾಶ್ವತವಾಗಿ ರೇಡಿಯೋಆಕ್ಟಿವ್ ಬೀಜ (ಕಿರಣ ಸೂಸುವ, ಕಾಳಿನಷ್ಟು ಚಿಕ್ಕ ತುಣುಕು) ಇಡಿಸಿಕೊಂಡವರು, ಇಂಥವರು ಮಾತ್ರ ಸ್ವಲ್ಪ ಕಾಲ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ನಿಮ್ಮ ತಂದೆಯವರದು ಆ ಲೆಕ್ಕ ಅಲ್ಲ. ಕೀಮೋದಿಂದ ಸೋಂಕು ತಡೆಯುವ ಶಕ್ತಿ ಕಡಿಮೆ ಆಗುವುದರಿಂದ ಒಂದು ಎಚ್ಚರ: ಮಗುವಿಗೆ ನೆಗಡಿ, ಜ್ವರ ಇದ್ದ ದಿನ ದೂರ ಇರಲಿ. ಅದು ಮಗುವಿನ ಒಳ್ಳೆಯದಕ್ಕಲ್ಲ, ತಾತನ ಒಳ್ಳೆಯದಕ್ಕೆ.

ನನಗೆ ಚಿಂತೆ ಆಗಿದ್ದು ನಿಮ್ಮ ಮೊದಲನೇ ಮಾತು ಓದಿ. ಒಂದು ವಾರ ಬಿಡೋದು ಬೇಡವೇ ಬೇಡ. 35 ಸಲ ಅಂದರೆ ವಾರಕ್ಕೆ ಐದು ದಿನದಂತೆ ಏಳು ವಾರ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ಗ್ರೇ ಅಂದರೆ ಕಿರಣದ ಪ್ರಮಾಣದ ಅಳತೆ), ಒಟ್ಟು 70 ಗ್ರೇ. ಹೀಗೆ ಹಂಚಿ ಕೊಡುವುದಕ್ಕೆ ಕಾರಣ ಇದೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಒಳ್ಳೆಯ ಜೀವಕೋಶಗಳು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟು ಚೆನ್ನಾಗಿ ಆಗುವುದಿಲ್ಲ. ಆದರೆ ಬಿಡುವು ಉದ್ದ ಆಯಿತೋ, ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯೋಕೆ ಶುರುಮಾಡುತ್ತವೆ. ಗಂಟಲು, ಬಾಯಿಯ ಕ್ಯಾನ್ಸರ್‌ನಲ್ಲಿ ಇದು ಜಾಸ್ತಿ. ಮೆಶಿನ್ ಕೆಟ್ಟು ಒಂದು ದಿನ ತಪ್ಪಿದರೂ ಡಾಕ್ಟರು ಅದನ್ನು ಹೇಗೆ ಸರಿದೂಗಿಸೋದು ಅಂತ ಲೆಕ್ಕ ಹಾಕ್ತಾರೆ. ಅಂಥದ್ದರಲ್ಲಿ ನಾವೇ ಸುಮ್ನೆ ಒಂದು ವಾರ ಬಿಡೋದಾ?

ಹಾಗಂತ ನೋವು ನುಂಗಿಕೊಂಡು ಹೋಗಿ ಅಂತಿಲ್ಲ. ನೋವು ಜಾಸ್ತಿ ಅಂತ ನಾಳೆಯೇ ಬಾಯಿಬಿಟ್ಟು ಹೇಳಿ. ನಮ್ಮ ಹಿರಿಯರು ಡಾಕ್ಟರ ಮುಂದೆ ‘ಪರವಾಗಿಲ್ಲ’ ಅಂದುಬಿಡ್ತಾರೆ, ಮನೆಗೆ ಬಂದು ಒದ್ದಾಡ್ತಾರೆ. ಮರಗಟ್ಟಿಸುವ ಔಷಧಿ ಇದೆ, ನೋವಿಗೆ ಮಾರ್ಫಿನ್ ತನಕ ಮಾತ್ರೆಗಳಿವೆ. ನೋವಿನ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬಹುದಾ ಅಂತ ಕೇಳಿ. ಆಗ ನಾಲ್ಕು ತುತ್ತು ಇಳಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ, ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಿ ಉಗುಳಲಿ. ಖಾರ, ಹುಳಿ, ಬಿಸಿಬಿಸಿ, ಗಟ್ಟಿ ಪದಾರ್ಥ ಬೇಡ. ಸಿಗರೇಟು, ತಂಬಾಕು, ಮದ್ಯ ಮುಟ್ಟಲೇಬಾರದು.

ವಾರಕ್ಕೊಮ್ಮೆ ತೂಕ ನೋಡಿ. ಮುಖಕ್ಕೆ ಅವರ ಅಳತೆಗೇ ಮಾಡಿದ ಮಾಸ್ಕ್ ಹಾಕ್ತಾರಲ್ವಾ, ತೂಕ ಇಳಿದು ಅದು ಸಡಿಲ ಆದರೆ ತಲೆ ಅಲ್ಲಾಡುತ್ತದೆ, ಗುರಿ ತಪ್ಪುತ್ತದೆ. ಕೆಲವರಿಗೆ ಮತ್ತೆ ಸ್ಕ್ಯಾನ್ ಮಾಡಿ ಹೊಸ ಮಾಸ್ಕ್ ಮಾಡಬೇಕಾಗುತ್ತದೆ. ಬಾಯಲ್ಲಿ ಇಳಿಯದಿದ್ದರೆ ಮೂಗಿನಿಂದಲೋ ಹೊಟ್ಟೆಗೋ ಟ್ಯೂಬ್ ಹಾಕ್ತಾರೆ. ಟ್ಯೂಬ್ ಅಂದ ಕೂಡಲೇ ಎಲ್ಲ ಮುಗೀತು ಅಂದುಕೊಳ್ಳಬೇಡಿ, ಎಷ್ಟೋ ಜನಕ್ಕೆ ಆಮೇಲೆ ತೆಗೆಯುತ್ತಾರೆ. ಟ್ಯೂಬ್ ಇದ್ದರೂ, ಡಾಕ್ಟರು ಬೇಡ ಅನ್ನದಿದ್ದರೆ, ಗುಟುಕು ನೀರಾದರೂ ನುಂಗುತ್ತಿರಲಿ. ನುಂಗುವ ಅಭ್ಯಾಸ ಪೂರ್ತಿ ಬಿಟ್ಟರೆ ಮತ್ತೆ ಬರೋದು ತುಂಬಾ ಕಷ್ಟ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಇದನ್ನು ಮೊದಲೇ ಯಾರಾದರೂ ಹೇಳಬೇಕು. ಕೊನೇ ದಿನ ಮುಗಿದ ಕೂಡಲೇ ಹುಣ್ಣು ಮಾಯುವುದಿಲ್ಲ. ಒಂದೆರಡು ವಾರ ಇನ್ನೂ ಜಾಸ್ತಿನೇ ಅನ್ನಿಸಬಹುದು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಬಾಯಿ ಒಣಗುವುದು ಮಾತ್ರ ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ಪೂರ್ತಿ ಹೋಗುವುದೂ ಇಲ್ಲ. ಮುಂದೆ ಯಾವತ್ತಾದರೂ ಹಲ್ಲು ಕೀಳಿಸಬೇಕಾದರೆ, ಹತ್ತು ವರ್ಷ ಆಗಿದ್ದರೂ ಸರಿ, ರೇಡಿಯೇಶನ್ ಆಗಿದೆ ಅಂತ ದಂತ ವೈದ್ಯರಿಗೆ ಮೊದಲು ಹೇಳಿ. ಕಿರಣ ಬಿದ್ದ ದವಡೆಯ ಮೂಳೆಯಲ್ಲಿ ರಕ್ತ ಓಡಾಟ ಕಡಿಮೆ, ಕಿತ್ತ ಜಾಗ ಮಾಯದೆ ಮೂಳೆಯೇ ಕೊಳೆಯಬಹುದು.

ಪ್ರಶ್ನೆ: ನನಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ರೇಡಿಯೇಶನ್ ಶುರುವಾಗಿದೆ. ಕಿರಣ ಎಲ್ಲಿ ಬೀಳಬೇಕು ಅಂತ ಚರ್ಮದ ಮೇಲೆ ಹಾಕಿದ ಗುರುತು ಅಳಿಸಬಾರದು ಅಂತ ಸ್ನಾನವನ್ನೇ ಬಿಟ್ಟಿದ್ದೇನೆ. ಚರ್ಮ ಕಪ್ಪಾಗಿ ತುರಿಸುತ್ತಿದೆ. ತಲೆಗೂದಲೂ ಉದುರುತ್ತಾ?

ಉತ್ತರ: ಸ್ನಾನ ಮಾಡಿ ತಾಯಿ! ಉಗುರು ಬೆಚ್ಚಗಿನ ನೀರು, ಘಾಟಿಲ್ಲದ ಸೋಪು ಸಾಕು. ಉಜ್ಜಬೇಡಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಗುರುತು ಮಾಸಿದರೆ ನೀವೇ ಪೆನ್ನಲ್ಲಿ ತಿದ್ದಬೇಡಿ, ಅಲ್ಲಿನ ಟೆಕ್ನಿಷಿಯನ್‌ಗೆ ಹೇಳಿ. ತುರಿಕೆಗೆ ಡಾಕ್ಟರು ಹೇಳಿದ ಕ್ರೀಮ್ ತೆಳ್ಳಗೆ ಹಚ್ಚಿ, ಟ್ರೀಟ್‌ಮೆಂಟ್‌ಗೆ ಹೊರಡುವ ಮುಂಚೆ ದಪ್ಪಗೆ ಬಳಿದುಕೊಳ್ಳಬೇಡಿ. ಬಿಸಿ ಶಾಖ, ಐಸ್, ಅಂಟಿಸುವ ಪಟ್ಟಿ ಯಾವುದೂ ಬೇಡ. ಸ್ತನದ ಕೆಳಗಿನ ಮಡಿಕೆಯನ್ನು ದಿನಾ ಕನ್ನಡಿಯಲ್ಲಿ ನೋಡಿ, ಅಲ್ಲೇ ಮೊದಲು ಚರ್ಮ ಸುಲಿದು ನೀರು ಒಸರುವುದು. ಹಾಗಾದರೆ ಮುಂದಿನ ಭೇಟಿಗೆ ಕಾಯದೆ ಅವತ್ತೇ ತೋರಿಸಿ.

ಕೂದಲು ಉದುರುವುದು ಕಿರಣ ಬಿದ್ದ ಜಾಗದಲ್ಲಿ ಮಾತ್ರ. ಕಂಕುಳಲ್ಲಿ ಉದುರಬಹುದು, ತಲೆಯದು ರೇಡಿಯೇಶನ್‌ನಿಂದ ಉದುರುವುದಿಲ್ಲ.